ಮಟಮಟ ಮಧ್ಯಾಹ್ನದ ಆಂಟಿ

ಟೆಕ್ಸಸ್ಸಿನ ಆಗಸ್ಟ್ ತಿಂಗಳ ನಡುಮಧ್ಯಾಹ್ನದಲ್ಲಿ ಬಯಲಿಗೆ ಬಂದು ನಿಲ್ಲುವವರು ಯಾರೂ ಇಲ್ಲ. ಹೊಸ ಮನೆಗಳಿಗೆ ಚಾವಣಿ ಹೊದಿಸುವ ಕೆಲಸಗಾರರು ಕೂಡ ಆ ಹೊತ್ತಿಗೆ ಟ್ರಕ್ಕಿನ ನೆರಳು ಸೇರಿರುತ್ತಾರೆ. ಆಗ ಹೊರಗೆ ಕಾಣುತ್ತಿದ್ದವರು ಆಂಟಿ ಒಬ್ಬರೇ. ಅಗಲ ಅಂಚಿನ ಹುಲ್ಲಿನ ಟೋಪಿ, ಅದರ ಕೆಳಗೆ ಹೆಡ್‌ಫೋನ್, ಆಸ್ಪತ್ರೆ ಕಾಲದ ಹಳೆಯ ಹಸಿರು ಅಂಗಿ, ಕೈಯಲ್ಲಿ ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್. ಅಂಗಳ ಗುಡಿಸುವವರ ಹಾಗೆ ಅದನ್ನು ಎಡಕ್ಕೂ ಬಲಕ್ಕೂ ಬೀಸುತ್ತ ಒಂದೊಂದೇ ಹೆಜ್ಜೆ ಮುಂದಿಡುತ್ತಿದ್ದರು.

“ಈ ಬಿಸಿಲಲ್ಲಿ ಯಾಕೆ ಆಂಟಿ? ಸಂಜೆ ಬರೋಣ,” ಅಂದರೆ ಕೇಳುತ್ತಿರಲಿಲ್ಲ.

“ಸಂಜಿಗೆ ನಾಯಿ ಕರ್ಕೊಂಡು ಮಂದಿ ಬರ್ತಾರವಾ. ಏನ್ ಸಿಕ್ತು, ಏನ್ ಸಿಕ್ತು ಅಂತ ತಲಿ ತಿಂತಾರ. ಮಟಮಟ ಮಧ್ಯಾಹ್ನ ಹೊರಗ ಹೋಗಬ್ಯಾಡ್ರಿ, ಹಿಡಕೋತಾವ ಅಂತ ನಮ್ಮಜ್ಜಿ ಅಂಜಸ್ತಿದ್ಲು. ಇಷ್ಟು ವರ್ಷ ಆತು, ಒಂದೂ ಹಿಡಕೊಂಡಿಲ್ಲ ನೋಡು.”

ಈ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಆಂಟಿ ಹೋದರು. ಮಧ್ಯಾಹ್ನ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹ್ಯೂಸ್ಟನ್ ಸುತ್ತಲಿನ ಕನ್ನಡದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಆಂಟಿ ಅಂದರೆ ಸಾಕು.

ಅವರು ವಿಜಯಪುರದವರು. ಹ್ಯೂಸ್ಟನ್ನಿನಲ್ಲಿ ಬಹಳ ವರ್ಷ ಅರಿವಳಿಕೆಯ ಡಾಕ್ಟರಾಗಿದ್ದರು. ಆಪರೇಷನ್ನಿಗೆ ಮುಂಚೆ ಮೂಗಿಗೆ ಮುಖವಾಡ ಹಿಡಿದು ಮಲಗಿಸುತ್ತಾರಲ್ಲ, ಆ ಕೆಲಸ. ಗಂಡ ತೀರಿಕೊಂಡ ಮೇಲೆ ಕೆಲಸ ಬಿಟ್ಟರು. ಒಬ್ಬನೇ ಮಗ ಡಲ್ಲಾಸಿನಲ್ಲಿದ್ದ, ಲಾಸ್ ಕೊಲಿನಾಸ್‌ನ ಯಾವುದೋ ಕಂಪನಿಯಲ್ಲಿ ಕೆಲಸ. ಅಮ್ಮನಿಗೆ ಹೊತ್ತು ಹೋಗಲಿ ಎಂದು ಹುಟ್ಟುಹಬ್ಬಕ್ಕೆ ಒಂದು ಡಿಟೆಕ್ಟರ್ ಕಳಿಸಿದ್ದ. ಎರಡು ದಿನ ಆಡಿ ಗರಾಜಿನಲ್ಲಿ ಇಡುತ್ತಾರೆ ಅಂದುಕೊಂಡಿದ್ದನಂತೆ. ಆಂಟಿ ಮೊದಲ ದಿನವೇ ತಮ್ಮ ಹಿತ್ತಿಲನ್ನು ಮೂಲೆ ಮೂಲೆಯೂ ಬಿಡದೆ ಜಾಲಾಡಿದರು. ಬಗ್ಗಿ ಮಣ್ಣು ಕೆದಕುವಾಗೆಲ್ಲ ಯಂತ್ರ ಕಿರುಚಿಕೊಳ್ಳುತ್ತಿತ್ತು. ಬಹಳ ಹೊತ್ತಿನ ಮೇಲೆ ಗೊತ್ತಾಯಿತಂತೆ, ಅದು ತಮ್ಮ ಕೊರಳಲ್ಲಿ ನೇತಾಡುತ್ತಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಎಂದು. ಅಂದಿನಿಂದ ಬಗ್ಗುವ ಮುಂಚೆ ಅದನ್ನು ಬೆನ್ನಿಗೆ ಹಾಕಿಕೊಳ್ಳುವುದು ಅವರ ರೂಢಿ. ಆ ಚಲನೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಡಗೈ ದಾರ ಹಿಡಿದು ಹಿಂದಕ್ಕೆ ಎಸೆಯುತ್ತಿತ್ತು, ಬಲ ಮೊಣಕಾಲು ನೆಲಕ್ಕೆ ಊರುತ್ತಿತ್ತು.

ನಮ್ಮವರಲ್ಲಿ ಯಾರು ಏನು ಕಳೆದುಕೊಂಡರೂ ಫೋನು ಆಂಟಿಗೇ. ಒಂದು ಸಲ ಪಾರ್ಕಿನಲ್ಲಿ ಪಿಕ್ನಿಕ್ ಮಾಡುವಾಗ ಒಬ್ಬ ಹುಡುಗಿಯ ಮೂಗುತಿ ಹುಲ್ಲಿನಲ್ಲಿ ಬಿತ್ತು. ಅತ್ತೆ ಕೊಟ್ಟ ವಜ್ರದ ಮೂಗುತಿ, ಹುಡುಗಿ ಅಳುತ್ತ ಕೂತಿದ್ದಳು. ಆಂಟಿ ಎಲ್ಲರನ್ನೂ ದೂರ ಸರಿಸಿ, ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ನಡೆದರು. ಕಣ್ಣು ಮುಚ್ಚಿದ್ದೇಕೆ ಎಂದು ಆಮೇಲೆ ಕೇಳಿದೆ.

“ಕಣ್ಣು ಸುಳ್ಳು ಹೇಳತೈತವಾ. ನಾ ಜೀವಮಾನ ಎಲ್ಲಾ ಕಿವಿಲೇ ಕೆಲಸ ಮಾಡೀನಿ. ಪೇಶಂಟ್ ಉಸಿರು ಹೆಂಗೈತಿ ಅಂತ ಮಾನಿಟರ್ ಆಮ್ಯಾಲ ಹೇಳತೈತಿ, ಕಿವಿ ಮದಲ ಹೇಳತೈತಿ.”

ಮೂಗುತಿ ಸಿಕ್ಕಿತು. ಹುಡುಗಿ ಕಾಲಿಗೆ ಬಿದ್ದಾಗ ಆಂಟಿ, “ತಿರುಪು ಸಡ್ಲ ಆಗೇತಿ, ಮದಲ ಅದನ್ನ ಗಟ್ಟಿ ಮಾಡಿಸ್ಕೊ,” ಎಂದು ಗದರಿ ಕಳಿಸಿದರು.

ಅವರ ಮನೆಗೆ ಹೋದರೆ ಶೇಂಗಾ ಹೋಳಿಗೆ ಕೊಟ್ಟು, ಜತೆಗೆ ಒಂದು ಸ್ಟೀಲಿನ ಡಬ್ಬಿ ತಂದು ಮುಂದಿಡುತ್ತಿದ್ದರು. ತುಕ್ಕು ಹಿಡಿದ ಗುಂಡಿಗಳು, ಕುದುರೆ ಲಾಳದ ತುಂಡು, ಬಂದೂಕಿನ ಸೀಸದ ಗುಂಡು, ಯಾರದೋ ಬೆಲ್ಟಿನ ಬಕಲ್. ಒಂದನ್ನು ನಮ್ಮ ಅಂಗೈಗೆ ಹಾಕಿ, “ಇದು ಯಾರದ್ದಿರಬೇಕು ಹೇಳು?” ಅನ್ನುವರು. ವಸ್ತು ಯಾವುದು ಎಂದು ಅವರು ಕೇಳುತ್ತಿರಲಿಲ್ಲ. ಯಾರದ್ದು ಎಂದೇ ಕೇಳುತ್ತಿದ್ದರು.

ಸತ್ತವರ ಬಗ್ಗೆ ಅವರಿಗೆ ಅಂಜಿಕೆ ಇರಲಿಲ್ಲ. “ನಮ್ಮೂರಾಗ ಎಲ್ಲಿ ನೋಡಿದ್ರೂ ಗೋರಿ. ನಮ್ಮ ಹಿತ್ತಲದಾಗೂ ಎರಡಿದ್ವು. ಅವ್ವ ಅದರ ಮ್ಯಾಲೆ ಸಂಡಗಿ ಹಾಕ್ತಿದ್ಲು, ನಾ ಅದಕ್ಕ ಒರಗಿ ಕುಂತು ಓದಿ ಡಾಕ್ಟರ್ ಆದೆ,” ಅನ್ನುತ್ತಿದ್ದರು. ನಾನು ಮೈಸೂರಿನವಳು. ನಮ್ಮ ಕಡೆ ಹೀಗೆ ಹೇಳಿದರೆ ಜನ ಸ್ನಾನ ಮಾಡಿ ಬರುತ್ತಾರೆ. ಆದರೆ ನನಗೆ ಅವರ ಜತೆ ಓಡಾಡುವುದು ಇಷ್ಟವಾಗಿತ್ತು. ಅವರಿಗೆ ಹೈವೇಯಲ್ಲಿ ಡ್ರೈವ್ ಮಾಡಲು ಕಣ್ಣು ಮಂಜು. ಭಾನುವಾರಗಳಲ್ಲಿ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅವರು ಬಿಸಿಲಲ್ಲಿ ನಡೆಯುವರು, ನಾನು ಎಸಿ ಹಾಕಿಕೊಂಡು ಕಾರಿನಲ್ಲಿ ಕೂತು ನೋಡುವೆ.

ಈಗ ಆ ಜಾಗದ ವಿಷಯ.

ನಮ್ಮ ಕನ್ನಡ ಬಳಗದವರು ಸೇರಿ ಹ್ಯೂಸ್ಟನ್ ಹೊರವಲಯದ ಸೈಪ್ರೆಸ್ ಊರಿನ ಆಚೆ, ಮನೆಗಳು ಇನ್ನೂ ಬಂದಿರದ ಕಡೆ, ಒಂದು ತುಂಡು ಜಾಗ ಕೊಂಡಿದ್ದರು. ಅಲ್ಲಿ ಒಂದು ಭವನ ಕಟ್ಟಬೇಕು, ಹಬ್ಬ ಮಾಡಬೇಕು, ಮಕ್ಕಳಿಗೆ ಕನ್ನಡ ಕಲಿಸಬೇಕು, ಭರತನಾಟ್ಯದ ತರಗತಿ ನಡೆಸಬೇಕು ಎಂಬುದು ಎಲ್ಲರ ಬಹಳ ದಿನದ ಆಸೆ. ನನ್ನ ಗಂಡ ಶ್ರೀಧರನೇ ಬಳಗದ ಖಜಾಂಚಿ. ಭೂಮಿಪೂಜೆಗೆ ದಿನ ನೋಡಿ ಆಗಿತ್ತು. ಭಟ್ಟರು ಒಂದು ಮಾತು ಹೇಳಿದ್ದರು. ಅಡಿಪಾಯ ಹಾಕುವ ಮುಂಚೆ ನೆಲದಲ್ಲಿ ಮೂಳೆ, ಕೂದಲು, ಇದ್ದಿಲು ಇದ್ದರೆ ತೆಗೆಸಿಬಿಡಬೇಕು, ಅದಕ್ಕೆ ಶಲ್ಯ ಎನ್ನುತ್ತಾರೆ, ಅದರ ಮೇಲೆ ಕಟ್ಟಿದರೆ ಏಳಿಗೆಯಿಲ್ಲ, ಎಂದು. ಅಧ್ಯಕ್ಷರು ನಗುತ್ತ ಆಂಟಿಯ ಕಡೆ ತಿರುಗಿ, “ನಮ್ಮ ಶಲ್ಯ ಡಿಪಾರ್ಟ್‌ಮೆಂಟ್ ನೀವೇ ಆಂಟಿ, ಒಂದು ಸಲ ನೋಡ್ಬಿಡಿ,” ಅಂದರು. ಎಲ್ಲರೂ ನಕ್ಕರು.

ಮುಂದಿನ ಭಾನುವಾರ ಹೋದೆವು. ಮುರಿದ ತಂತಿಬೇಲಿ, ಸೊಂಟದುದ್ದ ಒಣಹುಲ್ಲು, ನಡುವೆ ಒಂದಷ್ಟು ಸೀಡರ್ ಮರಗಳು. ಕಾರಿನಿಂದ ಇಳಿಯುತ್ತಲೇ ಆಂಟಿ ಅಂದರು, “ಈ ಗಿಡ ತಾವಾಗೇ ಬೆಳದಿಲ್ಲವಾ.” ನೋಡಿದರೆ ಹೌದು, ಮರಗಳು ಸಾಲು ಹಿಡಿದು ನಿಂತಿದ್ದವು. ಯಾರೋ ನೆಟ್ಟದ್ದು.

ಆಂಟಿ ಮರಗಳ ಕಡೆ ನಡೆದರು. ನಾನು ಕಾರಿನಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಅವರು ನಿಂತರು. ಕರಡಿಗೆ ಬೆನ್ನಿಗೆ ಹೋಯಿತು, ಮೊಣಕಾಲೂರಿದರು. ಆಮೇಲೆ ಏಳಲೇ ಇಲ್ಲ. ಬಿಸಿಲಿಗೆ ತಲೆ ಸುತ್ತಿತೇನೋ ಎಂದು ನೀರಿನ ಬಾಟಲಿ ಹಿಡಿದು ಓಡಿದೆ.

ನೆಲದಲ್ಲಿ ಒಂದು ಬಿಲ. ಮೈಮೇಲೆ ಚಿಪ್ಪಿರುವ ಆರ್ಮಡಿಲೊ ತೋಡಿದ್ದು, ಸುತ್ತ ಹೊಸ ಮಣ್ಣು ಎರಚಿತ್ತು. ಆ ಮಣ್ಣಿನ ಮೇಲೆಯೇ ಅದು ಬಿದ್ದಿತ್ತಂತೆ, ಅಗೆಯುವ ಕೆಲಸವೇ ಇರಲಿಲ್ಲ. ಆಂಟಿಯ ಅಂಗೈಯಲ್ಲಿ ಒಂದು ಬೆಳ್ಳಿ ನಾಣ್ಯ. ಕಿರುಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಕೂತ ಹೆಂಗಸಿನ ಚಿತ್ರ. ಮೊನ್ನೆ ಟಂಕಿಸಿದಂತೆ ಫಳಫಳ ಹೊಳೆಯುತ್ತಿತ್ತು. ಅಂಚಿನ ಹತ್ತಿರ, ಇಸವಿಯ ಅಂಕಿಗಳನ್ನು ಅರ್ಧ ನುಂಗಿದಂತೆ, ಒಂದು ತೂತು.

“ಅಯ್ಯೋ, ಹಾಳಾಗಿದೆಯಲ್ಲ ಆಂಟಿ,” ಅಂದೆ.

ಆಂಟಿ ನನ್ನನ್ನೇ ನೋಡಿದರು. “ಹಾಳಾಗಿಲ್ಲವಾ. ದಾರ ಪೋಣಿಸ್ಯಾರ. ನಮ್ಮ ಕಡೆ ಕೂಸಿನ ಉಡದಾರಕ್ಕ ತೂತಿನ ದುಡ್ಡು ಕಟ್ಟತಿದ್ರು, ದೃಷ್ಟಿ ತಾಗಬಾರದು ಅಂತ. ನನಗೂ ಕಟ್ಟಿದ್ರು.” ಹೆಬ್ಬೆರಳಿನಿಂದ ತೂತಿನ ಅಂಚನ್ನು ಸವರಿದರು. “ಇಲ್ಲಿ ನೋಡು, ದಾರ ತಿಕ್ಕಿ ತಿಕ್ಕಿ ಸವದೈತಿ.”

ಆಗ ಸುತ್ತಲಿನದೂ ಕಣ್ಣಿಗೆ ಬೀಳತೊಡಗಿತು. ಹುಲ್ಲಿನ ಬುಡದಲ್ಲಿ ಬಿಳಿಯ ಕಪ್ಪೆಚಿಪ್ಪುಗಳು. ಸಮುದ್ರ ಅಲ್ಲಿಂದ ಎಷ್ಟೋ ದೂರ. ಒಂದು ಪಿಂಗಾಣಿ ಬಟ್ಟಲು, ಬೇಕೆಂದೇ ತಳ ಒಡೆದದ್ದು, ಬೋರಲಾಗಿ ಮಣ್ಣಿನಲ್ಲಿ ಹೂತಿತ್ತು. ಅಲ್ಲಿಯವರೆಗೆ ಕಿವಿಗಡಚಿಕ್ಕುತ್ತಿದ್ದ ಜೀರುಂಡೆಗಳ ಸದ್ದು ಆ ಮರಗಳ ನಡುವೆ ಇರಲಿಲ್ಲ. ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ.

ಹಿಂದಕ್ಕೆ ಬಂದು ಕಾರಿನಲ್ಲಿ ಕೂತೆವು. ಆಗಲೇ ಆ ಮುದುಕನನ್ನು ಕಂಡದ್ದು. ಹಳೆಯ ಪಿಕಪ್ ಟ್ರಕ್ಕೊಂದು ರಸ್ತೆಯ ಬದಿಗೆ ಬಂದು ನಿಂತಿತು. ಎತ್ತರದ ಕರಿಯ ಅಜ್ಜ ಒಬ್ಬರು ಇಳಿದರು. ಬೇಲಿಯ ಹತ್ತಿರ ನಿಂತು, ತಲೆಯ ಮೇಲಿನ ಹ್ಯಾಟು ತೆಗೆದು ಎದೆಗೆ ಹಿಡಿದರು. ಮರಗಳ ಕಡೆ ಮುಖ. ಸ್ವಲ್ಪ ಹೊತ್ತು ಹಾಗೇ ನಿಂತು, ಹ್ಯಾಟು ಹಾಕಿಕೊಂಡು, ನಮ್ಮತ್ತ ನೋಡದೆ ಹೊರಟುಹೋದರು.

“ಯಾರಿಗೆ ಹ್ಯಾಟ್ ತೆಗೆದರು?” ಅಂದೆ. ಅಲ್ಲಿ ಮರಗಳ ಹೊರತು ಏನೂ ಇರಲಿಲ್ಲ.

ಆಂಟಿ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು.

ಮುಂದಿನ ಭಾನುವಾರ ಆಂಟಿ ಒಂದು ಚೀಲ ತುಂಬ ಸಣ್ಣ ಕಿತ್ತಳೆ ಬಾವುಟಗಳನ್ನು ತಂದಿದ್ದರು. ಗ್ಯಾಸ್ ಪೈಪು ಎಲ್ಲಿದೆ ಎಂದು ಗುರುತು ಮಾಡಲು ನೆಲಕ್ಕೆ ಚುಚ್ಚುತ್ತಾರಲ್ಲ, ಅಂಥವು. ಡಿಟೆಕ್ಟರಿನಲ್ಲಿ ಕಬ್ಬಿಣ ಕೇಳಿಸುವಂತೆ ಏನೋ ತಿರುಗಿಸಿಕೊಂಡರು. ಸಾಮಾನ್ಯವಾಗಿ ಕಬ್ಬಿಣದ ಸದ್ದನ್ನು ಮುಚ್ಚಿಡುತ್ತಾರೆ, ಮೊಳೆ ತುಕ್ಕು ಯಾರಿಗೆ ಬೇಕು. ಅವತ್ತು ಅವರಿಗೆ ಬೇಕಾಗಿದ್ದದ್ದು ಅದೇ. ಸದ್ದು ಬಂದಲ್ಲೆಲ್ಲ ಒಂದು ಬಾವುಟ ಚುಚ್ಚುತ್ತ ಹೋದರು. ಯಾವುದನ್ನೂ ಅಗೆಯಲಿಲ್ಲ.

ಕಾರಿನಲ್ಲಿ ಕೂತು ನೋಡುತ್ತಿದ್ದ ನನಗೆ ಮೊದಮೊದಲು ಅಡ್ಡಾದಿಡ್ಡಿ ಚುಕ್ಕೆಗಳಂತೆ ಕಂಡಿತು. ರಂಗೋಲಿಯ ಚುಕ್ಕೆ ಇಟ್ಟು ಎಳೆ ಎಳೆಯದೆ ಬಿಟ್ಟ ಹಾಗೆ. ಆಮೇಲೆ ಕಣ್ಣು ತಾನೇ ಎಳೆ ಎಳೆಯಿತು. ನಾಲ್ಕು ನಾಲ್ಕು ಬಾವುಟ ಸೇರಿ ಒಂದು ಉದ್ದನೆಯ ಚೌಕ. ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕ ಇನ್ನೊಂದು. ಎಲ್ಲದರದೂ ಒಂದೇ ದಿಕ್ಕು, ಪಡುವಣದಿಂದ ಮೂಡಣಕ್ಕೆ. ಉದ್ದ ಚೌಕಗಳ ಸಾಲಿನ ಹಿಂದೆ, ಸೀಡರ್ ಮರಗಳ ಬುಡದಲ್ಲಿ, ಗಿಡ್ಡ ಚೌಕಗಳ ಸಾಲು. ಬಹಳ ಇದ್ದವು ಗಿಡ್ಡವು. ಬಿಸಿ ಗಾಳಿಗೆ ಬಾವುಟಗಳೆಲ್ಲ ಒಟ್ಟಿಗೆ ಪಟಪಟ ಅಂದವು.

ನಾನು ಇಳಿದು ಹೋದೆ. ಆಂಟಿ ಏನೂ ಹೇಳದೆ ತಮ್ಮ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, ಯಂತ್ರವನ್ನು ನಿಧಾನ ಬೀಸುತ್ತ ನಡೆದರು. ಮೊದಲು ಏನೂ ಇಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಗುರ್ ಎಂದಿತು. ಸುಮ್ಮನಾಯಿತು. ಮತ್ತೆ ಗುರ್. ಸುಮ್ಮನಾಯಿತು. ಅಷ್ಟೇ ಅಂತರ, ಅಷ್ಟೇ ದನಿ.

“ಮರ ಕರಗಿರತೈತಿ. ಮೊಳಿ ಉಳದಾವ,” ಅಂದರು ಆಂಟಿ. “ಹೆಣದ ಪೆಟ್ಟಿಗಿ ನಾಕು ಮೂಲಿ ಮೊಳಿ.” ಹೆಡ್‌ಫೋನ್ ಹಿಂದಕ್ಕೆ ತೆಗೆದುಕೊಂಡು, “ಈ ಸಪ್ಪಳ ನನಗ ಗೊತ್ತೈತವಾ. ರಾತ್ರಿ ಪಾಳಿಯೊಳಗ ವಾರ್ಡಿನ ಬಾಗಲದಾಗ ನಿಂತ್ರ ಹಿಂಗ ಕೇಳತೈತಿ. ಸಾಲಾಗಿ ಮಲಗಿದವ್ರ ಸಪ್ಪಳ.”

ಪಿಕಪ್ ಮತ್ತೆ ಬಂತು. ಅಜ್ಜ ಇಳಿದು, ಹ್ಯಾಟಿಗೆ ಕೈಹಾಕಿದವರು ಬಾವುಟಗಳನ್ನು ಕಂಡು ಹಾಗೇ ನಿಂತರು. ಆಮೇಲೆ ಬೇಲಿ ದಾಟಿ ಒಳಗೆ ಬಂದರು. ಹುಲ್ಲಿನಲ್ಲಿ ಕಾಲುಹಾದಿ ಏನೂ ಇರಲಿಲ್ಲ. ಆದರೂ ಅವರು ಒಂದು ಚೌಕದ ಮೇಲೂ ಕಾಲಿಡದೆ, ಎರಡು ಸಾಲುಗಳ ನಡುವೆ ಸರಿಯಾಗಿ ನಡೆದು ಬಂದರು.

ಅವರು ಚಿಕ್ಕವರಾಗಿದ್ದಾಗ ಅಜ್ಜಿ ಹೇಳುತ್ತಿದ್ದಳಂತೆ, ಈ ಸೀಡರ್ ಮರಗಳನ್ನು ದಾಟುವಾಗ ಟೋಪಿ ತೆಗೆ ಎಂದು. ಯಾಕೆ ಅಂದರೆ ತುಟಿಯ ಮೇಲೆ ಬೆರಳಿಡುತ್ತಿದ್ದಳಂತೆ. ಜಾಗ ಆಗ ಬಿಳಿಯರ ಕೈಯಲ್ಲಿತ್ತು, ಅವರ ಮುಂದೆ ಆ ಮಾತು ಆಡುವ ಹಾಗಿರಲಿಲ್ಲ. “ಅಜ್ಜಿ ಸತ್ತಳು, ಅಪ್ಪ ಸತ್ತರು. ಯಾಕೆ ಅನ್ನುವುದು ಅವರ ಜತೆಗೇ ಹೋಯಿತು. ಟೋಪಿ ತೆಗೆಯುವುದು ಮಾತ್ರ ನನ್ನ ಹತ್ತಿರ ಉಳಿಯಿತು,” ಅಂದರು ಅವರ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ.

ಆಂಟಿ ನಾಣ್ಯ ತೋರಿಸಿದರು. ಅಜ್ಜ ಮುಟ್ಟಲಿಲ್ಲ. ಬಗ್ಗಿ ನೋಡಿ, ಮೊದಲು ಕೇಳಿದ ಮಾತು, “ಕಪ್ಪಾಗಿದೆಯೇ?”

“ಇಲ್ಲ. ಹೊಳೆಯುತ್ತಿದೆ.”

“ಹಾಗಾದರೆ ಸರಿ. ನನ್ನ ಅಜ್ಜಿಯ ಕಾಲಿಗೂ ಇಂಥದ್ದೊಂದು ಇತ್ತು. ಬೆಳ್ಳಿ ಕಪ್ಪಾದರೆ ಯಾರೋ ಕೆಟ್ಟದ್ದು ಬಯಸುತ್ತಿದ್ದಾರೆ ಅಂತ.” ಗಿಡ್ಡ ಸಾಲಿನ ಕಡೆ ನೋಡಿದರು. “ನೀವೇ ಇಟ್ಟುಕೊಂಡಿರಿ. ಈಗ ಇಲ್ಲಿ ಬಿಟ್ಟರೆ ನಾಳೆ ಬುಲ್ಡೋಜರ್ ಬರುತ್ತದೆ. ಮಗು ಹೆದರುತ್ತದೆ.”

ಅವತ್ತು ಮನೆಗೆ ಬಂದು ಶ್ರೀಧರನಿಗೆ ಹೇಳಿದೆ. ಅವನು ಭವನದ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟ. ಆಮೇಲೆ ಅಂದ, “ಹಳೇ ಮೊಳೆ ಎಲ್ಲಿ ಬೇಕಾದ್ರೂ ಇರುತ್ತೆ. ಕೊಟ್ಟಿಗೆ ಇದ್ದಿರಬಹುದು. ಕಾಯಿನ್ ಯಾರೋ ಬೀಳಿಸಿಕೊಂಡಿರ್ತಾರೆ. ಎಷ್ಟು ಹಳೇದು ಅಂತ ನಿಮಗೇನು ಗೊತ್ತು?” ಅವನು ಕೆಟ್ಟವನಲ್ಲ. ಆ ಭವನಕ್ಕಾಗಿ ಮನೆ ಮನೆ ತಿರುಗಿ ಕೈ ಚಾಚಿದವನು ಅವನು. ಆ ಜಾಗ ಕೈಬಿಡುವ ಮಾತನ್ನು ಕೇಳುವುದೇ ಅವನಿಗೆ ಕಷ್ಟವಾಗಿತ್ತು.

ಎಷ್ಟು ಹಳೆಯದು ಎಂದು ತಿಳಿಯಲು ಆಂಟಿಯನ್ನು ಆಸ್ಟಿನ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದ. ನೋಡುತ್ತ ನೋಡುತ್ತ ಅವನ ಉಸಿರು ಬದಲಾದದ್ದು ನನಗೂ ಕೇಳಿಸಿತು. ಅಮೆರಿಕದ ಅಂತರ್ಯುದ್ಧಕ್ಕೂ ಮುಂಚಿನದು, ನ್ಯೂ ಆರ್ಲಿಯನ್ಸ್ ಟಂಕಸಾಲೆಯದು, ಆ ವರ್ಷದ್ದು ಸಿಗುವುದೇ ಅಪರೂಪ, ಅಂದ. ಆಮೇಲೆ ತಲೆ ಅಲ್ಲಾಡಿಸಿದ. ತೂತು ಇಲ್ಲದಿದ್ದರೆ ಯಾವ ಮ್ಯೂಸಿಯಮ್ಮಾದರೂ ಕೇಳಿಕೊಂಡು ಬರುತ್ತಿತ್ತು, ಬೇಕಾದರೆ ಬೆಳ್ಳಿ ತುಂಬಿಸಿ ತೂತು ಮುಚ್ಚಿಸಬಹುದು, ಮಾಡುವವರಿದ್ದಾರೆ, ಅಲ್ಲಿ ಏನೋ ಇತ್ತು ಎಂದು ಯಾರಿಗೂ ತಿಳಿಯುವುದಿಲ್ಲ, ಎಂದ.

ಆಂಟಿ ಅವನಿಗೆ ಥ್ಯಾಂಕ್ಸ್ ಹೇಳಿ ನಾಣ್ಯವನ್ನು ಎತ್ತಿಕೊಂಡರು. ಕಾರಿಗೆ ಬಂದ ಮೇಲೆ ನಾಣ್ಯದ ತೂತಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತರು. “ಯಾರಿಗೂ ತಿಳಿಯೂದಿಲ್ಲಂತ,” ಎಂದು ಎರಡು ಸಲ ಅಂದುಕೊಂಡರು.

ಸಭೆ ಶುಗರ್ ಲ್ಯಾಂಡಿನಲ್ಲಿ ಅಧ್ಯಕ್ಷರ ಮನೆಯಲ್ಲಿ ನಡೆಯಿತು. ಉಪ್ಪಿಟ್ಟು, ಕೇಸರಿಬಾತು. ಆಂಟಿ ಎಲ್ಲ ಹೇಳಿದರು, ಬಾವುಟಗಳ ಫೋಟೋ ತೋರಿಸಿದರು. ತಟ್ಟೆಯ ಮೇಲೆ ಚಮಚದ ಸದ್ದು ನಿಂತಿತು.

ಅಧ್ಯಕ್ಷರು ನಿಧಾನವಾಗಿಯೇ ಮಾತಾಡಿದರು. “ಆಂಟಿ, ನಿಮ್ಮ ಮೇಲೆ ಎಲ್ಲರಿಗೂ ಗೌರವ ಇದೆ. ಆದ್ರೆ ಅಲ್ಲಿ ಒಂದು ಕಲ್ಲಿಲ್ಲ, ಬೋರ್ಡಿಲ್ಲ, ಕಾಗದದಲ್ಲೂ ಏನಿಲ್ಲ. ಕೌಂಟಿ ಸರ್ಕಾರಕ್ಕೆ ಹೇಳಿದ್ವಿ ಅಂದ್ರೆ ಜಾಗ ಹೋಯ್ತು ಅಂತಾನೇ ಅರ್ಥ. ಇಷ್ಟು ಜನರ ಕನಸು ಇದು. ಭಟ್ಟರನ್ನ ಕೇಳಿದೀನಿ. ಶಲ್ಯಕ್ಕೆ ಶಾಂತಿ ಇದೆಯಂತೆ. ದೊಡ್ಡದಾಗೇ ಮಾಡಿಸೋಣ.”

“ಶಲ್ಯ ಅಲ್ರೀ ಅವು,” ಅಂದರು ಆಂಟಿ. “ಮಂದಿ.”

ಫೋಟೋವನ್ನು ಮತ್ತೆ ಎಲ್ಲರ ಕಡೆ ಹಿಡಿದು, ಗಿಡ್ಡ ಸಾಲಿನ ಮೇಲೆ ಬೆರಳಿಟ್ಟರು.

“ಸಣ್ಣ ಸಣ್ಣ ಕೂಸು ಅದಾವ್ರೀ ಅಲ್ಲಿ. ಅವರವ್ವ ಏನೂ ಆಗದಿರಲಿ ಅಂತ ಬೆಳ್ಳಿಗೆ ತೂತು ಹೊಡದು ಕಟ್ಟ್ಯಾಳ. ಆದ್ರೂ ಹೋತು. ಅದರ ಮ್ಯಾಲೆ ನಮ್ಮ ಹುಡುಗ್ರನ್ನ ಗೆಜ್ಜಿ ಕಟ್ಟಿ ಕುಣಸೂಣೇನ್ರಿ?”

ಯಾರೋ ಹಿಂದಿನಿಂದ, ಸುಮ್ಮನೆ ಮೆಷಿನ್ ಸದ್ದು ಕೇಳಿ ಹೆದರಿಕೊಂಡರೆ ಹೇಗೆ ಅಂದರು. ನಾನು ಎದ್ದು ನಿಂತು, “ಆ ಸದ್ದು ನಾನೂ ಕೇಳಿದೀನಿ,” ಅಂದೆ. ಶ್ರೀಧರ ನೆಲ ನೋಡುತ್ತಿದ್ದ. ಏನೂ ತೀರ್ಮಾನವಾಗದೆ ಸಭೆ ಮುಗಿಯಿತು. ಹೊರಡುವಾಗ ಆಂಟಿ ಅಧ್ಯಕ್ಷರಿಗೆ, “ನಾ ಕೌಂಟಿಗೆ ಹೋಗಿ ಹೇಳಾಕಿ. ನಿಮ್ಮ ಬೆನ್ನ ಹಿಂದ ಮಾಡೂದಿಲ್ಲ, ಅದಕ್ಕ ಈಗ ಹೇಳಾಕತ್ತೀನಿ,” ಎಂದು ಕೈ ಮುಗಿದರು.

ದಾರಿಯಲ್ಲಿ ಶ್ರೀಧರ, “ಎಲ್ಲರ ಮುಂದೆ ಹಾಗೆ ಎದ್ದು ಹೇಳಬೇಕಿತ್ತಾ?” ಅಂದ.

“ಒಂದು ಸಲ ಬಂದು ಕೇಳು. ಆಮೇಲೆ ಬೈ,” ಅಂದೆ.

ಬೆಳಿಗ್ಗೆ ಆಂಟಿಯ ಫೋನ್ ಬಂತು. “ಬಾರವಾ, ಒಂದೀಟು ನೋಡು ಬಾ.” ಇಬ್ಬರೂ ಹೋದೆವು. ದೇವರ ಜಗಲಿಯ ಪಕ್ಕ ಒಂದು ಬಟ್ಟಲಿನಲ್ಲಿ ನಾಣ್ಯ ಇಟ್ಟಿದ್ದರು. ಸಭೆಗೆ ಹೊರಡುವಾಗ ಕೂಡ ಹೊಳೆಯುತ್ತಿತ್ತಂತೆ. ಈಗ ಅದು ಬಾಣಲೆಯ ತಳದಂತೆ ಕಪ್ಪಾಗಿತ್ತು. ಕೂತ ಹೆಂಗಸಿನ ಮುಖ ಕಾಣುತ್ತಿರಲಿಲ್ಲ. ಪಕ್ಕದಲ್ಲೇ ಇದ್ದ ಬೆಳ್ಳಿ ದೀಪ, ಕುಂಕುಮದ ಬಟ್ಟಲು, ಆಂಟಿಯ ಕೊರಳ ಕರಡಿಗೆ ಎಲ್ಲ ಬೆಳ್ಳಗೆ ಇದ್ದವು.

“ಹ್ಯೂಸ್ಟನ್ ಗಾಳೀಲಿ ಸಲ್ಫರ್ ಇರುತ್ತೆ ಆಂಟಿ, ರಿಫೈನರಿಗಳು,” ಅಂದ ಶ್ರೀಧರ. ದನಿಯಲ್ಲಿ ಕಸುವಿರಲಿಲ್ಲ.

“ಹೌದು. ನಾನೂ ಕೆಮಿಸ್ಟ್ರಿ ಓದೀನಿ,” ಅಂದರು ಆಂಟಿ. “ಹೆಂಗ ಅನ್ನೂದು ಕೆಮಿಸ್ಟ್ರಿ ಹೇಳತೈತಿ. ನಿನ್ನೆನ ಯಾಕ ಅನ್ನೂದು ಹೇಳಂಗಿಲ್ಲ.”

ಅವತ್ತೇ ಮಧ್ಯಾಹ್ನ ಶ್ರೀಧರ ನಮ್ಮ ಜತೆ ಆ ಬಯಲಿಗೆ ಬಂದ. ಆಂಟಿ ಅವನನ್ನು ಗಿಡ್ಡ ಚೌಕಗಳ ಸಾಲಿಗೆ ಕರೆದುಕೊಂಡು ಹೋಗಿ ಹೆಡ್‌ಫೋನ್ ಕೊಟ್ಟರು. ಅವನು ಒಂದು ಸಾಲು ಮುಗಿಯುವವರೆಗೂ ನಡೆದ. ನಡುವೆ ಒಂದು ಕಡೆ ನಿಂತು, ಹಿಂದಿರುಗಿ ನೋಡಿದ, ಯಾರೋ ಕರೆದ ಹಾಗೆ. ಹೆಡ್‌ಫೋನ್ ತೆಗೆದು ಆಂಟಿಯ ಕೈಗಿಟ್ಟು, ಕಾರಿಗೆ ಹೋಗಿ ಸ್ಟೀರಿಂಗ್ ಹಿಡಿದು ಕೂತ. ಏನು ಕೇಳಿಸಿತು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ, ಅವನೂ ಹೇಳಿಲ್ಲ.

ಮರುದಿನ ಆಂಟಿಯನ್ನು ಕೌಂಟಿ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋದವನು ಅವನೇ.

ಆಮೇಲೆ ನೆಲದೊಳಗೆ ನೋಡುವ ಯಂತ್ರ ತಂದು ತಿಳಿದವರು ಅಳೆದರು. ಆಂಟಿಯ ಬಾವುಟಗಳು ಬಹುತೇಕ ಸರಿಯಾಗಿದ್ದವು. ಅವರು ಹೋಗದ ಕಡೆ ಇನ್ನೂ ಸಾಲುಗಳಿದ್ದವು. ಹೊಲದಲ್ಲಿ ಗುಲಾಮರಾಗಿ ದುಡಿದವರು, ಆಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಇರಬೇಕು ಎಂದು ಹೇಳಿದರು. ಕಪ್ಪೆಚಿಪ್ಪು, ತಳ ಒಡೆದ ಬಟ್ಟಲು ಅವರು ಗೋರಿಗಳ ಮೇಲೆ ಇಡುತ್ತಿದ್ದವಂತೆ. ಆ ಜಾಗದಲ್ಲಿ ಭವನ ಆಗಲಿಲ್ಲ. ಅಜ್ಜನ ಚರ್ಚಿನವರು ಬಂದು ಹುಲ್ಲು ಕೊಯ್ದು ಬೇಲಿ ಸರಿಮಾಡಿದರು. ಒಂದು ದಿನ ಪ್ರಾರ್ಥನೆ ಇಟ್ಟುಕೊಂಡು ಆಂಟಿಯನ್ನೂ ಕರೆದರು. ನಾಣ್ಯವನ್ನು ಸಿಕ್ಕ ಜಾಗದಲ್ಲೇ ಆಂಟಿ ತಮ್ಮ ಕೈಯಾರೆ ಮಣ್ಣಿಗಿಟ್ಟರು. ಅದು ಕಪ್ಪಾಗಿಯೇ ಇತ್ತು. ತಿಕ್ಕಿ ತರಬೇಕಿತ್ತೇ ಎಂದು ಆಂಟಿ ಕೇಳಿದಾಗ ಅಜ್ಜ, “ಬೇಡ, ಅದು ತನ್ನ ಕೆಲಸ ಮಾಡಿದೆ,” ಅಂದರು.

ನಮ್ಮ ಬಳಗ ಒಡೆಯಿತು. ಕೆಲವರು ಆಂಟಿಯ ಜತೆ ಮಾತು ಬಿಟ್ಟರು. ಹಬ್ಬದ ಕರೆಗಳು ಅವರಿಗೆ ಬರುವುದು ಕಡಿಮೆಯಾಯಿತು. ಮಕ್ಕಳು ಅವರನ್ನು ಗೋರಿ ಆಂಟಿ ಅನ್ನತೊಡಗಿದವು, ದೊಡ್ಡವರ ಬಾಯಲ್ಲಿ ಕೇಳಿಯೇ ತಾನೆ. ಒಂದು ದಿನ ಅಂಗಡಿಯಲ್ಲಿ ಒಂದು ಮಗು ಎದುರಿಗೇ ಹಾಗೆ ಕರೆದು ಅದರ ತಾಯಿ ನಾಚಿಕೆಯಿಂದ ಕುಗ್ಗಿದಳು. ಆಂಟಿ ಮಗುವಿನ ಕೆನ್ನೆ ಹಿಂಡಿ, “ಹೌದಪಾ, ಗೋರಿ ಆಂಟಿನ. ನಿನಗ ನಿದ್ದಿ ಬರದಿದ್ರ ನನ್ನ ಕರಿ, ನಾ ಮಲಗಸ್ತೀನಿ,” ಅಂದರು. ಆ ಮಾತು ಕೇಳಿ ತಾಯಿ ಇನ್ನಷ್ಟು ಹೆದರಿದಳು. ಮನೆಗೆ ಬರುವ ದಾರಿಯಲ್ಲಿ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬರೀ ನಗುವಿನ ಕಣ್ಣೀರಲ್ಲ ಎಂದು ನನಗೆ ಗೊತ್ತಿತ್ತು.

ಆಂಟಿಯವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹ್ಯೂಸ್ಟನ್ನಿನ ಒಂದು ಸ್ಮಶಾನದ ಹಳೆಯ ಭಾಗದಲ್ಲಿ ಅಂಕಲ್ಲನ್ನು ಇಟ್ಟಾಗಲೇ ಅವರ ಬಲಕ್ಕೆ ತಮಗೂ ಜಾಗ ತೆಗೆದುಕೊಂಡಿದ್ದರು. ತೀರಿಹೋದ ಮರುದಿನ ಬೆಳಿಗ್ಗೆ ಮಗ ಅಲ್ಲಿಂದಲೇ ನನಗೆ ಫೋನ್ ಮಾಡಿದ. ಅವನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಮಾತಾಡುವವನು. ಅವತ್ತು ಯಾಕೋ ತಡವರಿಸಿಕೊಂಡು ಕನ್ನಡದಲ್ಲೇ ಅಂದ, “ಅಕ್ಕಾ, ನೀವು ಬರ್ರಿ. ಮಮ್ಮಿ ಜಾಗದಾಗ ಯಾರೋ ಅದಾರ.”

ಅಗೆಯುವ ಮುಂಚೆ ಅಲ್ಲಿಯವರು ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ನೋಡುತ್ತಾರೆ. ಅದು ಏನಕ್ಕೋ ತಗುಲಿ ನಿಂತಿತ್ತು. ಬಹಳ ಹಿಂದಿನದು, ಕಲ್ಲಿಲ್ಲ, ಹೆಸರಿಲ್ಲ, ಯಾರದೆಂದು ಯಾರಿಗೂ ಗೊತ್ತಿಲ್ಲ, ಎಂದರು. ಅಲ್ಲಿಯವರು ಪದೇ ಪದೇ ಕ್ಷಮೆ ಕೇಳುತ್ತಿದ್ದರು. ಮಗನ ಸಿಟ್ಟು ಇಳಿದಿರಲಿಲ್ಲ. ಇವರ ಮೇಲೆ ಕೇಸ್ ಹಾಕುತ್ತೇನೆ, ಇದನ್ನು ತೆಗೆಸುತ್ತೇನೆ, ಅಮ್ಮ ಅಪ್ಪನ ಬಲಕ್ಕೇ ಇರಬೇಕೆಂದು ಹೇಳಿದ್ದಳು, ಅಂದ. ಆಮೇಲೆ ಒಮ್ಮೆಲೇ ದನಿ ಸೋತು ನನ್ನ ಕಡೆ ತಿರುಗಿದ. “ಅಕ್ಕಾ, ಮಮ್ಮಿ ಇದ್ದಿದ್ರ ಏನ್ ಅಂತಿದ್ಲು?”

ನನಗೆ ಯೋಚಿಸಬೇಕಾಗಿಯೇ ಬರಲಿಲ್ಲ. ನನ್ನ ಮೈಸೂರಿನ ಬಾಯಲ್ಲಿ ಅವರ ಮಾತು ತಾನಾಗಿ ಬಂತು. “ಅವ್ರು ಮದಲ ಬಂದಾರ, ನಾವು ಒಂದೀಟು ಸರದ್ರಾತು, ಅಂತಿದ್ರು.”

ಅವನು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕೆಲಸದವರಿಗೆ ಅಂಕಲ್ಲರ ಎಡಬದಿ ತೋರಿಸಿದ. ಅಲ್ಲಿ ಸಲಾಕೆ ಎಲ್ಲೂ ತಡೆಯದೆ ಇಳಿಯಿತು.

ಮಣ್ಣಿಗೆ ಬಂದವರು ಕಡಿಮೆ. ನಮ್ಮವರು ಬೆರಳೆಣಿಕೆಯಷ್ಟು, ಅಜ್ಜನ ಚರ್ಚಿನವರೇ ಹೆಚ್ಚು. ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಕೊನೆಗೆ ನನ್ನ ಸರದಿ. ಆಂಟಿಗೆ ಹಾಕಿದ ಮೇಲೆ ಇನ್ನೊಂದು ಹಿಡಿ ತೆಗೆದುಕೊಂಡು, ಅಂಕಲ್ಲನ್ನು ದಾಟಿ, ಆಚೆ ಬಲಬದಿಗೆ ಹೋದೆ. ಅಲ್ಲಿ ಮಟ್ಟಸ ಹುಲ್ಲು. ಯಾರೆಂದು ಗೊತ್ತಿಲ್ಲದ ಆ ಗಂಡಸಿಗೋ ಹೆಂಗಸಿಗೋ ಅದನ್ನು ಹಾಕಿ, ನಿಮ್ಮ ನೆರೆಗೆ ಬಂದವರು ಒಳ್ಳೆಯವರು ಎಂದು ಹೇಳಿ ಬಂದೆ.